ನೀರಿಗಿಳಿಯುವ ರಸ್ತೆಯ ಪಕ್ಕದ ಮನೆ

ಆಲೂರಿನ ಈ ಗುಡ್ಡಗಳಿಗೆ ಬಂದ ಮರುದಿನ ಬೆಳಿಗ್ಗೆ ಬಾಗಿಲು ತೆಗೆದು ನೋಡಿದರೆ, ಮನೆ ಮುಂದಿನ ಡಾಂಬರು ರಸ್ತೆ ನೆಟ್ಟಗೆ ಹೋಗಿ ನೀರಿನೊಳಗೆ ಇಳಿದಿತ್ತು. ಅಂಚಿನ ಕಲ್ಲುಗಳೂ ಸಾಲಾಗಿ ರಸ್ತೆಯ ಜೊತೆಗೇ ಮುಳುಗಿದ್ದವು. ಒಂದು ಎಮ್ಮೆ ಆ ರಸ್ತೆಯ ಮೇಲೇ ನಡೆದುಹೋಗಿ, ಮೂತಿ ಮತ್ತು ಕೊಂಬು ಮಾತ್ರ ಕಾಣುವಷ್ಟು ಆಳದಲ್ಲಿ ನಿಂತಿತು. ನಾನು ಇಂಡಿ ಕಡೆಯ ಬಯಲಿನವಳು. ನಮ್ಮಲ್ಲಿ ರಸ್ತೆ ಅಂದರೆ ಇನ್ನೊಂದು ಊರಿಗೆ ಹೋಗುವುದು.

ಇದು ಹೇಮಾವತಿಯ ಹಿನ್ನೀರು. ಅಣೆಕಟ್ಟು ತಡೆದ ನೀರು ಹಿಂದಕ್ಕೆ ಹರಡಿ ಕಣಿವೆಗಳನ್ನೆಲ್ಲ ತುಂಬಿಕೊಂಡಿದೆ. ಮುಳುಗಿದ ಹಳೆಯ ರಸ್ತೆಯ ಇಳಿಜಾರಿನಲ್ಲೇ ದೋಣಿಗಳನ್ನು ನೀರಿಗೆ ಬಿಡುತ್ತಾರೆ. ಅದಕ್ಕೆ ಇಲ್ಲಿ 'ರ‍್ಯಾಂಪು' ಎನ್ನುತ್ತಾರೆ. ಕಾಫಿ ತೋಟದ ಗೌಡರೊಬ್ಬರು ದಡದಲ್ಲಿ ಹೋಮ್‌ಸ್ಟೇ ಮಾಡಿ ಎರಡು ಮೋಟಾರು ಬೋಟು ಇಟ್ಟಿದ್ದರು. ಜೀಪಿನಲ್ಲಿ ಬೋಟು ತಂದು ಇಳಿಸಲು ಒಬ್ಬರು, ಅಡುಗೆಗೆ ಒಬ್ಬರು ಬೇಕಾಗಿತ್ತು. ನನ್ನ ಗಂಡ ಬಸಪ್ಪ ಇಪ್ಪತ್ತೆಂಟು ವರ್ಷ ಲಾರಿ ಓಡಿಸಿದವರು. ಮಂಡಿನೋವಿನಿಂದ ದೂರದ ಓಟ ಸಾಕಾಗಿತ್ತು. ಸಕಲೇಶಪುರದ ಘಾಟಿಯಲ್ಲಿ ಲಾರಿ ಇಳಿಸಿದವನಿಗೆ ಒಂದು ಬೋಟು ಇಳಿಸುವುದು ಯಾವ ದೊಡ್ಡ ಮಾತು ಎಂದುಕೊಂಡೇ ಬಂದಿದ್ದರು.

ಊರಲ್ಲಿ ನಳಕ್ಕೆ ನೀರು ಬರುವ ಹೊತ್ತಿಗೆ ಮನೆಯಲ್ಲಿ ಒಬ್ಬರಾದರೂ ಇರಲೇಬೇಕು. ಇಲ್ಲಿ ಕಣ್ಣು ಹಾಯುವ ತನಕ ನೀರು, ಆದರೆ ಕುಡಿಯುವ ನೀರಿಗೆ ಗುಡ್ಡದ ಮೇಲಿನಿಂದ ಪೈಪು ಎಳೆದಿದ್ದಾರೆ. ಆನೆ ಬಂದು ಪೈಪು ತುಳಿದರೆ ಅಷ್ಟು ನೀರಿನ ಎದುರು ಖಾಲಿ ಕೊಡ ಇಟ್ಟುಕೊಂಡು ಕೂರಬೇಕು. ನಮ್ಮಲ್ಲಿ ಸೀರೆ ಹಿಂಡಿ ಹರವುವಷ್ಟರಲ್ಲಿ ಅಂಚು ಒಣಗಿರುತ್ತದೆ. ಇಲ್ಲಿ ಮೂರು ದಿನ ಒಣಹಾಕಿದ ಸೀರೆಯನ್ನು ಮಂಜು ಮತ್ತೆ ತೋಯಿಸುತ್ತದೆ. ಮೊದಲ ತಿಂಗಳು ಮಾತಾಡಲು ಯಾರೂ ಇರಲಿಲ್ಲ. ಪಕ್ಕದ ಮನೆಯ ಜಯಮ್ಮ ಏನಾದರೂ ಕೇಳಿದರೆ, ಅವರ ಕನ್ನಡ ನನಗೆ ತಿಳಿಯುವಷ್ಟರಲ್ಲಿ ಅವರು ಹೊರಟುಹೋಗಿರುತ್ತಿದ್ದರು.

ಆ ಕನ್ನಡವೇ ನಮ್ಮ ಜೀಪನ್ನು ಮುಳುಗಿಸಿತು. ಬಸಪ್ಪ ಬೋಟಿನ ಟ್ರೇಲರನ್ನು ಹಿಂದಕ್ಕೆ ಇಳಿಸುತ್ತಿದ್ದರು. ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಜಯಮ್ಮ "ಸಾಕು ಬುಡಿ" ಎಂದು ಕೂಗಿದರು. ಇಂಜಿನ್ ಸದ್ದಿನಲ್ಲಿ ಇವರಿಗೆ ಕೇಳಿಸಿದ್ದು "ಬುಡಿ" ಮಾತ್ರ. ಗಾಡಿ ಬಿಡಲು ಹೇಳುತ್ತಿದ್ದಾರೆಂದು ಇವರು ಇನ್ನೂ ಬಿಟ್ಟರು. ಅವರು ಗಾಬರಿಯಾಗಿ ಮತ್ತೆ ಕೂಗಿದರು, ಇವರು ಮತ್ತೆ ಬಿಟ್ಟರು. ಪಾಚಿಯ ಮೇಲೆ ಚಕ್ರ ಜಾರಿ, ನೀರು ಡ್ರೈವರ್ ಸೀಟಿನ ತನಕ ಬಂದಾಗ ಜೀಪು ನಿಂತಿತು. ಬೋಟು ಮಾತ್ರ ಚೆನ್ನಾಗಿ ತೇಲಿತು. ಹಗ್ಗ ಯಾರೂ ಹಿಡಿದಿರಲಿಲ್ಲವಾದ್ದರಿಂದ ತಾನೇ ಆಚೆ ದಡಕ್ಕೆ ಹೋಯಿತು.

ಟ್ರ್ಯಾಕ್ಟರ್ ತರಿಸಿ ಜೀಪನ್ನು ಎಳೆಸಿದ ಗೌಡರು ಬೈಯಲಿಲ್ಲ. ಮೀನೇನಾದರೂ ಸಿಕ್ಕಿತೇ ಎಂದು ಕೇಳಿ ಹೋದರು. ಬೈದಿದ್ದರೇ ಚೆನ್ನಾಗಿತ್ತೇನೋ. ಇಪ್ಪತ್ತೆಂಟು ವರ್ಷದಲ್ಲಿ ಲಾರಿಗೆ ಒಂದು ಗೀರು ಬೀಳಿಸದ ಮನುಷ್ಯ ಆ ಮಧ್ಯಾಹ್ನ ತಟ್ಟೆ ಮುಂದೆ ಕೂತು ಉಣ್ಣದೆಯೇ ಕೈ ತೊಳೆದುಬಿಟ್ಟರು.

"ನಮಗಿದು ಒಗ್ಗೂದಿಲ್ಲ. ಊರಿಗೆ ಹೋಗೂಣು," ಅಂದರು.

ಮರುದಿನ ಅವರು ಬೋಟು ತೊಳೆಯುತ್ತಿದ್ದಾಗ ಚಹಾ ಕೊಡಲು ಹೋದೆ. ಒಂದು ಕಾಲು ಬೋಟಿನ ಮೇಲಿಟ್ಟೆ, ಇನ್ನೊಂದು ದಡದ ಮೇಲಿತ್ತು. ಬೋಟು ಮೆಲ್ಲಗೆ ದೂರ ಸರಿಯತೊಡಗಿತು. ಯಾವ ಕಾಲನ್ನು ನಂಬಬೇಕೆಂದು ತಿಳಿಯುವ ಮೊದಲೇ ನಾನು ಸೊಂಟದ ತನಕ ನೀರಲ್ಲಿದ್ದೆ. ಇಳಕಲ್ ಸೀರೆ ಕೊಡೆಯಂತೆ ಸುತ್ತ ಅರಳಿತ್ತು, ಚಹಾದ ಲೋಟ ಮಾತ್ರ ಕೈಯಲ್ಲಿ ಎತ್ತಿ ಹಿಡಿದಿದ್ದೆ. ಜಯಮ್ಮ ಓಡಿ ಬಂದು ಕೈ ಕೊಟ್ಟರು. ನಗುವಿನಿಂದ ಅವರಿಗೆ ಎಳೆಯಲು ಶಕ್ತಿಯೇ ಉಳಿದಿರಲಿಲ್ಲ. ಬಸಪ್ಪನೂ ನಕ್ಕರು, ಇಲ್ಲಿಗೆ ಬಂದ ಮೇಲೆ ಮೊದಲ ಸಲ.

ಒಣ ಸೀರೆ ಕೊಟ್ಟು ಒಲೆ ಮುಂದೆ ಕೂರಿಸಿಕೊಂಡ ಜಯಮ್ಮನಿಗೆ, ನಾವು ಹೊರಡುವ ಯೋಚನೆಯಲ್ಲಿದ್ದೇವೆಂದು ಹೇಳಿದೆ. ಅವರು ಬಾಗಿಲಾಚೆ ನೀರಿನ ನಡುವಿನತ್ತ ಕೈ ತೋರಿಸಿದರು. ಅವರು ಹುಟ್ಟಿದ ಮನೆ ಅಲ್ಲಿ, ಅದರಡಿಯಲ್ಲಿತ್ತು. ಅಣೆಕಟ್ಟಿನ ಕಾಲಕ್ಕೆ ಚಿಕ್ಕ ಹುಡುಗಿಯಾಗಿದ್ದಾಗ ಮೇಲಕ್ಕೆ ಬಂದವರು.

"ನಿಮ್ಮೂರಿಗೆ ಬಸ್ಸಾದ್ರೂ ಐತೆ ಕಣವ್ವ. ಯಾವಾಗ ಬೇಕಾದ್ರೂ ಹೋಗ್ಬೋದು. ಇನ್ನೊಂದು ನಾಕು ದಿನ ಇದ್ದು ನೋಡಿ," ಅಂದರು.

ಇದ್ದೆವು. ಮುಂದಿನ ದಿನಗಳಲ್ಲಿ ಬೆಳಿಗ್ಗೆ ಅತಿಥಿಗಳು ಏಳುವ ಮೊದಲೇ ಬಸಪ್ಪ ಖಾಲಿ ಟ್ರೇಲರ್ ಕಟ್ಟಿಕೊಂಡು ರ‍್ಯಾಂಪಿಗೆ ಹೋಗತೊಡಗಿದರು. ಹಿಂದಕ್ಕೆ ಬಿಡುವಾಗ ಟ್ರೇಲರ್ ಬಲಕ್ಕೆ ಹೋಗಬೇಕಾದರೆ ಸ್ಟೇರಿಂಗನ್ನು ಎಡಕ್ಕೆ ತಿರುಗಿಸಬೇಕು. ಲಾರಿಗೆ ಒಗ್ಗಿದ ಕೈ ಅದನ್ನು ಒಪ್ಪುತ್ತಿರಲಿಲ್ಲ. ಒಂದೊಂದು ಸಲ ಟ್ರೇಲರ್ ಅಡ್ಡ ತಿರುಗಿ ಜೀಪಿನ ಮುಖವನ್ನೇ ನೋಡುತ್ತಿತ್ತು. ಬಾಯಿಮಾತಿನ ಸಹವಾಸವೇ ಬೇಡವೆಂದು ನಾನು ಸ್ಟೀಲ್ ತಟ್ಟೆ ಬಡಿಯುತ್ತಿದ್ದೆ. ಒಂದು ಏಟಿಗೆ ಹಿಂದಕ್ಕೆ ಬರಬೇಕು, ಎರಡಕ್ಕೆ ನಿಲ್ಲಬೇಕು. ಜಯಮ್ಮ ಪಾಚಿ ಕೆರೆದು ಕೊಟ್ಟರು.

ಒಂದು ಭಾನುವಾರ ಹೊರಗಿನವರೊಬ್ಬರು ಹೊಸ ಬೋಟು ತಂದಿದ್ದರು. ಇಳಿಸಿ, ವಯಸ್ಸಾದ ತಾಯಿಯನ್ನು ಕುರ್ಚಿ ಹಾಕಿ ಕೂರಿಸಿ ತಳ್ಳಿದರು. ತೊಳೆದ ನೀರು ಹೋಗಲೆಂದು ಬೋಟಿನ ಹಿಂದೆ ಒಂದು ತೂತು ಇರುತ್ತದೆ. ಅದರ ಬಿರಡೆ ಹಾಕುವುದನ್ನು ಮರೆತಿದ್ದರು. ಅಜ್ಜಿಯ ಪಾದ ಮುಳುಗಿದಾಗಲೇ ಅವರಿಗೆ ಗೊತ್ತಾಗಿದ್ದು. ಮಗ ಎದೆಮಟ್ಟದ ನೀರಲ್ಲಿ ಬೋಟು ಹಿಡಿದು ನಿಂತ, ಆದರೆ ಅದು ಇಳಿಯುತ್ತಲೇ ಇತ್ತು. ಬಸಪ್ಪ ಆಗಲೇ ಜೀಪಿನಲ್ಲಿದ್ದರು. ನಾನು ತಟ್ಟೆ ತಂದೆ. ಟ್ರೇಲರ್ ಒಂದೇ ಸಲಕ್ಕೆ ನೆಟ್ಟಗೆ ಇಳಿದು ಬೋಟಿನಡಿ ಸೇರಿತು. ಎರಡು ಏಟು ಬಡಿದೆ, ಜೀಪು ನಿಂತಿತು. ಮಗ ಕೊಂಡಿ ಹಾಕಿದ, ಜೀಪು ಮೇಲಕ್ಕೆಳೆಯಿತು. ಹಿಂದಿನ ತೂತಿನಿಂದ ನೀರು ಸುರಿಯುತ್ತಿದ್ದರೆ ಅಜ್ಜಿ ಕುರ್ಚಿಯಲ್ಲೇ ಕೂತು ಮೆರವಣಿಗೆಯಂತೆ ದಡಕ್ಕೆ ಬಂದರು.

"ಇಷ್ಟೇನಾ ಬೋಟಿಂಗು?" ಎಂದು ಕೇಳಿದರು.

ಗೌಡರು ಬಂದು ಬಸಪ್ಪನ ಹೆಗಲ ಮೇಲೆ ಕೈಯಿಟ್ಟರು. ಅಂದಿನಿಂದ ಯಾರ ಬೋಟು ಇಳಿಯಬೇಕಾದರೂ ಮೊದಲು ಇವರು ಬಂದು ಹಿಂದೆ ಬಗ್ಗಿ ನೋಡಬೇಕು.

ಹೋದ ತಿಂಗಳು ತಂಗಿಯ ಮಗಳ ಮದುವೆಗೆ ಊರಿಗೆ ಹೋಗಿದ್ದೆವು. ಮಾತಿನ ನಡುವೆ ನಾನು "ಮರ್ತೇಬುಟ್ಟೆ" ಅಂದೆನಂತೆ. ಮನೆಮಂದಿಯೆಲ್ಲ ನಕ್ಕು, ಹೊರಡುವ ತನಕ ನನ್ನನ್ನು 'ಹಾಸನದಾಕಿ' ಎಂದೇ ಕರೆದರು. ಇಲ್ಲಿ ನಾನು 'ಬಿಜಾಪುರದಮ್ಮ'. ವಾಪಸು ಬರುವಾಗ ಆಲೂರು ಬಸ್‌ಸ್ಟ್ಯಾಂಡಿನಲ್ಲಿ ಪಕ್ಕ ಕೂತ ಹೆಂಗಸು ನಮ್ಮದು ಯಾವೂರೆಂದು ಕೇಳಿದಳು. ನಾನು ಏನು ಹೇಳಲೆಂದು ಯೋಚಿಸುತ್ತಿರುವಾಗಲೇ ಬಸಪ್ಪ ಅಂದರು:

"ಇಲ್ಲೇರಿ, ಹಿನ್ನೀರಿನ ಬಾಜೂಕ."

ನಾನು ಅಲ್ಲವೆನ್ನಲಿಲ್ಲ. ತೊಡೆಯ ಮೇಲೆ ಊರಿಂದ ಹೊರಡುವಾಗ ಅವ್ವ ಬೀಸಿಸಿಕೊಟ್ಟ ಜೋಳದ ಹಿಟ್ಟಿನ ಚೀಲವಿತ್ತು, ಇನ್ನೂ ಬೆಚ್ಚಗಿದೆಯೇನೋ ಅನ್ನಿಸಿತು. ಬಸ್ಸು ಬರುವ ತನಕ ಅದನ್ನು ಕೆಳಗಿಡಲಿಲ್ಲ.