ಮಂಡಿ ನೋವಿನ ಪುಡಿ

ನನಗೆ ಮೊದಲಿನಿಂದಲೂ ಚಿಂತೆ ಮಾಡುವ ಕಾಯಿಲೆ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಸ್ ಹತ್ತಿದ ಮೇಲೂ ಇಳಿದು ಮನೆಗೆ ಓಡಿದವಳು ನಾನು. ಐವತ್ತು ಹತ್ತಿರ ಬಂದಾಗ ಈ ಕಾಯಿಲೆಗೂ ಸಂಬಳ ಕೊಡುವವರಿದ್ದಾರೆಂದು ತಿಳಿಯಿತು. ಕೋಲಾರದಲ್ಲಿ, ಬಟ್ಟೆ ಅಂಗಡಿಯೊಂದರ ಮಹಡಿಯಲ್ಲಿ ಕೂತು ಫೋನಿನಲ್ಲಿ ಮಂಡಿ ನೋವಿನ ಪುಡಿ ಮಾರುವ ಕೆಲಸ.

ಪಕ್ಕದ ಹುಡುಗಿಯರು ಬರೆದುಕೊಟ್ಟಿದ್ದನ್ನು ಗಡಗಡ ಓದಿ ಬೈಸಿಕೊಳ್ಳುತ್ತಿದ್ದರು. ನಾನು, "ಊಟ ಆಯ್ತಾ ಅಮ್ಮಾ? ಮೆಟ್ಟಿಲು ಹತ್ತೋವಾಗ ಗೋಡೆ ಹಿಡ್ಕೊಳ್ತೀರಾ ತಾನೆ?" ಎಂದು ನಿಜವಾಗಿಯೂ ಚಿಂತೆಯಿಂದಲೇ ಕೇಳುತ್ತಿದ್ದೆ. ಮುಳಬಾಗಿಲ ಕಡೆಯವರಾದರೆ ತೆಲುಗಿನಲ್ಲಿ. ಡಬ್ಬಿಗಳು ಖರ್ಚಾಗುತ್ತಿದ್ದವು. ನಮ್ಮ ಟೀಮ್ ಲೀಡರ್, ನನ್ನ ಮಗನ ವಯಸ್ಸಿನವನು, ಇದನ್ನು ಕೇಳಿಸಿಕೊಂಡು ನನ್ನ ಹಾಳೆಯಲ್ಲಿ ಒಂದು ಸಾಲು ಸೇರಿಸಿದ: "ಇಷ್ಟೊಂದು ಮಾತ್ರೆ ನುಂಗಿದ್ರೆ ಮೈ ತಡ್ಕೊಳ್ಳುತ್ತಾ ಅಮ್ಮಾ?"

"ಇದ್ಯಾಕಪ್ಪಾ?"

"ನಿಮ್ಮ ಬಾಯಲ್ಲಿ ಚೆನ್ನಾಗಿರುತ್ತೆ ಮೇಡಂ."

ಚೆನ್ನಾಗಿಯೇ ಇತ್ತು. ಹಾಳು ಬಾಯಿ.

ಯಲ್ದೂರಿನ, ಶುಗರ್ ಇದ್ದ ಒಬ್ಬ ಅಜ್ಜಿಯ ಮೊದಲ ಡಬ್ಬಿ ಮುಗಿಯುವ ಹೊತ್ತಿಗೆ, ಇನ್ನೆರಡು ಮಾರಲೆಂದು ಮತ್ತೆ ಫೋನ್ ಮಾಡಿದೆ.

"ಎಷ್ಟು ನೀರು ಕುಡಿದ್ರೂ ದಾಹ ತಲ್ಲೀ. ಕಣ್ಣೆಲ್ಲ ಮಂಜು ಮಂಜು."

"ಶುಗರ್ ಮಾತ್ರೆ ತಗೊಂಡ್ರಾ?"

"ಅದು ಬಿಟ್ಟು ಹದಿನೈದು ದಿನ ಆಯ್ತು. ನೀನೇ ಹೇಳಿದ್ಯಲ್ಲಮ್ಮಾ, ಮೈ ತಡ್ಕೊಳ್ಳಲ್ಲ ಅಂತ. ಡಾಕ್ಟ್ರು ಯಾವತ್ತಾದ್ರೂ ನನ್ನ ಊಟ ಆಯ್ತಾ ಅಂತ ಕೇಳವ್ರಾ?"

ಎದುರಿಗೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಎಲ್ಲವನ್ನೂ ಕೇಳುತ್ತಿದ್ದ ಆ ಟೀಮ್ ಲೀಡರ್ ಎರಡು ಬೆರಳು ಎತ್ತಿ ತೋರಿಸಿದ. ಎರಡು ಡಬ್ಬಿ! ಮೈ ಉರಿದುಹೋಯಿತು.

"ಅಮ್ಮಾ, ಆ ಪುಡೀನ ತಿಪ್ಪೆಗೆ ಸುರೀರಿ. ನಾನು ಹೇಳಿದ್ದು ಸುಳ್ಳು. ಮನೇಲಿ ಯಾರಿದ್ದಾರೆ, ಕೊಡಿ."

ಫೋನಿಗೆ ಸೊಸೆ ಬಂದಳು. "ನೀನೇನಾ ಆ ಪುಡಿಯಮ್ಮ? ಮಾತ್ರೆ ತಗೋ ಅತ್ತೆ ಅಂತ ದಿನಾ ಬಡ್ಕೊಂಡೆ. ನಾನು ಹೇಳಿದ್ರೆ ಕೇಳಲ್ಲ, ಫೋನಲ್ಲಿ ಇವ್ಳು ಹೇಳಿದ್ರೆ ಆಯ್ತು! ನಿನ್ನ ಬಾಯಿಗೆ ಮಣ್ಣು ಹಾಕ!"

"ಬೈಯಮ್ಮಾ, ಎಷ್ಟು ಬೇಕಾದ್ರೂ ಬೈಯಿ. ಶ್ರೀನಿವಾಸಪುರದ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾ ಬೈಯಿ. ಈಗಲೇ ಹೊರಡು."

"ಮೇಡಂ, ಲೈನ್ ಕಟ್ ಮಾಡಿ!" ಎಂದು ಟೀಮ್ ಲೀಡರ್ ಎದ್ದು ಬಂದ.

"ಬಾಯಿ ಮುಚ್ಚಲೋ," ಎಂದೆ. ಆ ಮಹಡಿಯಲ್ಲಿ ನಾನು ಅವನಿಗೆ ಹೇಳಿದ ಒಂದೇ ಒಳ್ಳೆಯ ಮಾತು ಅದು. ಕೆಲಸ ಅಲ್ಲಿಗೆ ಮುಗಿಯಿತು.

ಸಂಜೆ ಅಜ್ಜಿಯ ನಂಬರಿಗೆ ನನ್ನ ಫೋನಿನಿಂದಲೇ ಮಾಡಿದೆ. ಅಜ್ಜಿಗೆ ಡ್ರಿಪ್ಸ್ ಹಾಕಿದ್ದರಂತೆ, ಗಂಡಾಂತರವಿಲ್ಲವಂತೆ. "ಇನ್ಮೇಲೆ ಫೋನ್ ಮಾಡ್ಬೇಡ," ಎಂದು ಸೊಸೆ ಫೋನ್ ಇಟ್ಟಳು. ಸರಿಯಾಗಿಯೇ ಹೇಳಿದಳು.

ತಿಂಗಳಾದ ಮೇಲೆ ನನಗೇ ಒಂದು ಫೋನ್ ಬಂತು. ಯಾವುದೋ ಎಳೆಯ ದನಿ: "ಊಟ ಆಯ್ತಾ ಅಮ್ಮಾ? ಮೆಟ್ಟಿಲು ಹತ್ತೋವಾಗ ಗೋಡೆ ಹಿಡ್ಕೊಳ್ತೀರಾ ತಾನೆ?"

ನನ್ನದೇ ಮಾತು, ಅಕ್ಷರ ಬಿಡದೆ ಬರೆದು ಹುಡುಗಿಯ ಕೈಗೆ ಕೊಟ್ಟಿದ್ದಾರೆ.

"ಅದರ ಕೆಳಗೆ ಮಾತ್ರೆ ವಿಷಯ ಒಂದು ಸಾಲು ಇದೆಯಲ್ಲ," ಎಂದೆ. "ಅದನ್ನ ಹೊಡೆದುಹಾಕೋವರೆಗೂ ನಾನು ಫೋನ್ ಇಡಲ್ಲ."