ಬೂಸಾ ಕೋಣೆಯ ದೈತ್ಯೆ

ಮೊನ್ನೆ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ಗಾಡಿ ಹತ್ತಿದಾಗ ನನಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಆದರೆ ಕಿಟಕಿಯ ಕಡೆ ಒಮ್ಮೆಯೂ ನೋಡಲಿಲ್ಲ. ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗಿ ತನ್ನ ಮೊಬೈಲಿನಲ್ಲಿ ಯಾರಿಗೋ ಮೂಗು ಮಾಡುತ್ತಿದ್ದಳು. ಹೆಬ್ಬೆರಳಿನಿಂದ ಪಟ್ಟಿಯೊಂದನ್ನು ಬಲಕ್ಕೆ ಎಳೆದರೆ ಮೂಗು ಅಗಲ, ಎಡಕ್ಕೆ ಎಳೆದರೆ ಚೂಪು. ಆಮೇಲೆ ಗಲ್ಲ, ಆಮೇಲೆ ಹುಬ್ಬು. ಅವಳು ಎಡಕ್ಕೆ ಎಳೆದಾಗಲೆಲ್ಲ ನನ್ನ ಹೆಬ್ಬೆರಳು ಮಡಿಲಲ್ಲಿದ್ದ ಊಟದ ಡಬ್ಬಿಯ ಮೇಲೆ ಬಲಕ್ಕೆ ಹೋಗುತ್ತಿತ್ತು. ನಾನು ಇಳಿಯಬೇಕಿದ್ದ ಉರಿಗಾಂ ಬಂದದ್ದೂ ತಿಳಿಯಲಿಲ್ಲ, ಹೋದದ್ದೂ ತಿಳಿಯಲಿಲ್ಲ. ಮುಂದಿನ ನಿಲ್ದಾಣದಲ್ಲಿ ಇಳಿದು, ಆಟೋ ಹಿಡಿದು, ನಾನು ಗುಮಾಸ್ತಳಾಗಿರುವ ಶಾಲೆಗೆ ತಡವಾಗಿ ತಲುಪಿ, ಗಾಡಿಯೇ ಲೇಟು ಎಂದು ಮುಖ್ಯೋಪಾಧ್ಯಾಯಿನಿಗೆ ಸುಳ್ಳು ಹೇಳಿದೆ. ಮೂವತ್ತು ದಾಟಿದ ಹೆಂಗಸು ಯಾರದೋ ಮೂಗಿನ ಚಿಂತೆಯಲ್ಲಿ ಊರು ತಪ್ಪಿಸಿಕೊಂಡೆ ಎಂದರೆ ನಂಬುವವರಾದರೂ ಯಾರು?

ಆನ್‌ಲೈನ್ ಆಟಗಳ ಗಾಳಿ ನಿಮಗೆ ಸೋಕಿಲ್ಲದಿದ್ದರೆ ಒಂದು ಮಾತು ಹೇಳಿಬಿಡುತ್ತೇನೆ. ಬೆಂಕಿಯುಗುಳುವ ಹಾವು, ಮಾಟದ ಕಾಡು, ಮಾತನಾಡುವ ಬೆಟ್ಟ, ಹೀಗೆ ಒಂದು ಲೋಕವಿರುತ್ತದೆ. ಅಲ್ಲಿ ಎಲ್ಲೆಲ್ಲಿಯವರೋ ಒಟ್ಟಿಗೆ ಓಡಾಡುತ್ತಾರೆ, ಕಾದಾಡುತ್ತಾರೆ. ಒಳಗೆ ಹೋಗುವ ಮುಂಚೆ ನಿಮ್ಮ ದೇಹವನ್ನು ನೀವೇ ಮಾಡಿಕೊಳ್ಳಬೇಕು. ಎತ್ತರ, ಬಣ್ಣ, ಕಣ್ಣು, ಕೂದಲು, ನಡಿಗೆ, ದನಿ, ಎಲ್ಲವೂ ನಿಮ್ಮ ಇಷ್ಟ. ಎರಡು ನಿಮಿಷದಲ್ಲಿ ಏನೋ ಒಂದು ಮಾಡಿಕೊಂಡು ಕತ್ತಿ ಹಿಡಿದು ಓಡುವವರಿದ್ದಾರೆ. ನನ್ನಂಥವರೂ ಇದ್ದೇವೆ. ಮದುವೆಗೆಂದು ಸಿಂಗರಿಸಿಕೊಳ್ಳಲು ಕೂತು, ಧಾರೆ ಮುಗಿದರೂ ಕನ್ನಡಿ ಬಿಟ್ಟು ಏಳದವರು. ಹತ್ತು ಹನ್ನೆರಡು ವರ್ಷಗಳಲ್ಲಿ ನಾನು ಕೊಂದ ರಾಕ್ಷಸರು ಬಹಳವೆಂದರೆ ಮೂವರು. ಮಾಡಿದ ಮುಖಗಳಿಗೆ ಮಾತ್ರ ಲೆಕ್ಕವಿಲ್ಲ. ಆದರೆ ಮರೆಯದೆ ಉಳಿದಿರುವ ಮುಖ ಒಂದೇ, ಮತ್ತು ಅದನ್ನು ಮಾಡಿದವಳು ನಾನಲ್ಲ.

ಆಗ ನನಗೆ ಹತ್ತೊಂಬತ್ತು. ಕೆಜಿಎಫ್‌ನಲ್ಲಿ ಬಿ.ಕಾಂ. ಓದಲೆಂದು ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿದ್ದ ದೊಡ್ಡಮ್ಮನ ಮನೆಯಲ್ಲಿ ಉಳಿದುಕೊಂಡಿದ್ದೆ. ಮನೆಯಲ್ಲಿ ದೊಡ್ಡಮ್ಮ, ಅವರ ಮಗಳು ವೇಣಕ್ಕ, ನಾಲ್ಕು ಸೀಮೆಹಸು. ದೊಡ್ಡಪ್ಪ ಇದ್ದರು, ಆದರೆ ಸದಾ ಟೊಮೆಟೊ ಹೊಲದಲ್ಲಿಯೇ. ಓದಿಗೆಂದು ಅಪ್ಪ ಕೊಡಿಸಿದ್ದ ಹಳೆಯ ಕಂಪ್ಯೂಟರಿಗೆ ನಡುಮನೆಯಲ್ಲಿ ಜಾಗವಿರಲಿಲ್ಲವಾದ್ದರಿಂದ ಅದು ಬೂಸಾ ಮೂಟೆಗಳ ಕೋಣೆ ಸೇರಿತ್ತು. ಈಗಲೂ ನನಗೆ ಕಂಪ್ಯೂಟರ್ ಎಂದರೆ ಮೂಗಿಗೆ ಹಿಂಡಿ ಬೂಸಾದ ಘಮ ಬರುತ್ತದೆ. ಅದರ ಜೊತೆಗೆ ಬಂದಿದ್ದ ಯುಪಿಎಸ್‌ಗೆ ಕರೆಂಟ್ ಹೋದಾಗ ಕೂಗುವುದೊಂದೇ ಗೊತ್ತಿತ್ತು, ತಡೆದು ನಿಲ್ಲಿಸುವುದು ಗೊತ್ತಿರಲಿಲ್ಲ.

ವೇಣಕ್ಕ ಎಂದರೆ ನಾಗವೇಣಿ. ನನಗಿಂತ ಏಳು ವರ್ಷ ದೊಡ್ಡವಳು. ಆ ಊರಿನ ಗಂಡಸರಲ್ಲೂ ಅವಳಷ್ಟು ಎತ್ತರದವರು ಇಬ್ಬರೋ ಮೂವರೋ. ಅಗಲವಾದ ಭುಜ, ಎಣ್ಣೆಗಪ್ಪು ಬಣ್ಣ, ದೊಡ್ಡ ಪಾದ. ಎರಡೂ ಕೈಯಲ್ಲಿ ತುಂಬಿದ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೋಗುವಾಗ ಅವಳಿಗೆ ಏದುಸಿರು ಬಂದದ್ದನ್ನು ನಾನು ಕಾಣೆ. ಆದರೆ ನಡೆಯುವುದೆಲ್ಲ ಬೆನ್ನು ಬಗ್ಗಿಸಿಯೇ. "ಬಗ್ಗಿ ನಿಂತ್ಕಳೇ, ಯಾರಾನ ಬತ್ತಾವ್ರೆ" ಎಂದು ದೊಡ್ಡಮ್ಮ ಚಿಕ್ಕಂದಿನಿಂದ ಹೇಳಿ ಹೇಳಿ, ಯಾರೂ ಬಾರದಿದ್ದಾಗಲೂ ಆ ಬೆನ್ನು ನೆಟ್ಟಗಾಗುತ್ತಿರಲಿಲ್ಲ. ನೋಡಲು ಬಂದ ಗಂಡಿನ ಕಡೆಯವರು ಕಾಫಿ ಕುಡಿದು ಹೋಗಿ ಸುಮ್ಮನಾಗಿದ್ದು ಮೂರು ಸಲ. ಚೆನ್ನಾಗಿದ್ದಾಳೆ ಎಂಬ ಮಾತು ಆ ಮನೆಯಲ್ಲಿ ನನ್ನ ಪಾಲಿಗೆ ಬರುತ್ತಿತ್ತು, ಕೆಲಸಗಾತಿ ಎಂಬ ಮಾತು ಅಕ್ಕನ ಪಾಲಿಗೆ. ನನ್ನ ಪಾಲಿನ ಮಾತು ಅಕ್ಕನಿಗೂ ಬೇಕಿತ್ತು, ಅದೂ ತನ್ನ ಅಮ್ಮನ ಬಾಯಿಂದಲೇ ಬೇಕಿತ್ತು ಎಂಬುದು ನನ್ನ ದಡ್ಡ ತಲೆಗೆ ಹೊಳೆದೇ ಇರಲಿಲ್ಲ.

ಆಟವನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟವಳು ಕೆಜಿಎಫ್ ಗಣಿಯ ಪಕ್ಕದ ಕೋರಮಂಡಲ್‌ನಿಂದ ಬರುತ್ತಿದ್ದ ನನ್ನ ಸಹಪಾಠಿ ಮೇರಿ. ಕೊಡುವಾಗಲೇ ತಮಿಳು ಬೆರೆತ ನಮ್ಮ ಕೆಜಿಎಫ್ ಭಾಷೆಯಲ್ಲಿ ಎಚ್ಚರಿಸಿದ್ದಳು: "ಅವಸರ ಬೇಡ ಡೀ. ಮೂಂಜಿ ಒಂದ್ಸಲ ಫಿಕ್ಸ್ ಆದ್ರೆ ಆಯ್ತು, ಅಪ್ಪುರಂ ಮಾತ್ತ ಮುಡಿಯಾದು." ಮುಖ ಒಮ್ಮೆ ನಿಗದಿಯಾದರೆ ಮತ್ತೆ ಬದಲಾಯಿಸಲಾಗದು ಎಂದು. ಒಂದು ಖಾತೆಗೆ ಒಬ್ಬಳೇ. ನಾನು ಮತ್ತು ಅಕ್ಕ ಇಬ್ಬರೂ ಸೇರಿ ಆ ಒಬ್ಬಳನ್ನು ಮಾಡುವುದೆಂದು ಮಾತಾಯಿತು. ಬೆಳಗಿನ ಹಾಲು ಡೈರಿಗೆ ಹೋದ ಮೇಲೆ, ಮೊಬೈಲನ್ನು ಇಂಟರ್ನೆಟ್ ಸಿಗ್ನಲ್ಲಿಗಾಗಿ ಕಿಟಕಿಯ ಸರಳಿಗೆ ಕಟ್ಟಿ, ಇಬ್ಬರೂ ಒಂದೊಂದು ಬೂಸಾ ಮೂಟೆಯ ಮೇಲೆ ಕೂತೆವು.

ಮೊದಲು ಕುಲ ಆರಿಸಬೇಕಿತ್ತು. ಮನುಷ್ಯರು, ಕುಳ್ಳರು, ದೈತ್ಯರು, ಕಾಡಿನಲ್ಲಿರುವ ಚೂಪು ಕಿವಿಯ ಎಲ್ಫ್ ಎಂಬ ಸುಂದರಿಯರು. ನಾನು ಓದಿ ಹೇಳಿದ್ದನ್ನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ದೊಡ್ಡಮ್ಮ, "ಅದ್ರಾಗೂ ಕುಲ ಕೇಳ್ತಾರೇನೇ?" ಎಂದು ನಿಟ್ಟುಸಿರು ಬಿಟ್ಟು ಕೊಟ್ಟಿಗೆಗೆ ಹೋದರು.

ಎಲ್ಫ್ ಎಂದು ನಾನೇ ತೀರ್ಮಾನ ಮಾಡಿದೆ. ಅಕ್ಕನನ್ನು ಕೇಳಲೂ ಇಲ್ಲ. ಆ ಬೆಳಗಿನ ಸಂಭ್ರಮವನ್ನು ಏನೆಂದು ಹೇಳಲಿ? ಕಣ್ಣಿಗೇ ನಲವತ್ತು ಬಗೆ. ಹಸಿರು ಕಣ್ಣು, ಅದರೊಳಗೆ ಬಂಗಾರದ ಗೆರೆ. ಹಾಲಿನ ಬಣ್ಣದ ಮೈ. ಮುಷ್ಟಿಯಲ್ಲಿ ಹಿಡಿಯುವಂಥ ಸೊಂಟ. ಬೆಳ್ಳಿಯ ಕೂದಲು ಮೊಣಕಾಲಿನವರೆಗೆ. ನಾನು ಕಿರುಚಿಕೊಂಡು ಎಳೆಯುತ್ತಿದ್ದೆ, ಅಕ್ಕ "ಚೆನ್ನಾಗೈತೆ, ಚೆನ್ನಾಗೈತೆ" ಎನ್ನುತ್ತಿದ್ದಳು. ಹೆಸರು ಇಡಲು ಹೋದರೆ ಚಂದದ ಹೆಸರುಗಳೆಲ್ಲ ಆಗಲೇ ಯಾರದೋ ಪಾಲಾಗಿದ್ದವು. ಹದಿನೇಳನೆಯ ಹೆಸರನ್ನು ಯಂತ್ರ ಒಪ್ಪಿತು. ಕೊನೆಯ ಗುಂಡಿಯೊಂದನ್ನು ಒತ್ತಿದರೆ ಮುಗಿಯಿತು. ಅಷ್ಟರಲ್ಲಿ ದೊಡ್ಡಮ್ಮ ಮತ್ತೆ ಬಂದರು.

"ಏನ್ ಮಾಡ್ತಾ ಇದೀರ?"

"ಹೆಸರು ಇಡ್ತಿದೀವಿ ದೊಡ್ಡಮ್ಮ."

"ಇವತ್ತು ಶುಕ್ರವಾರ. ಈಗ ರಾವುಕಾಲ. ಎಸ್ರು ಇಡೋ ಒತ್ತಾ ಇದು? ಅನ್ನೆರಡು ಒಡೀಲಿ, ಆಮ್ಯಾಕೆ ಒತ್ತು."

ಮುಖ ಒಮ್ಮೆ ನಿಗದಿಯಾದರೆ ಬದಲಾಯಿಸಲಾಗದು ಎಂದ ಮೇರಿಯ ಮಾತು ತಲೆಯಲ್ಲಿತ್ತಲ್ಲ, ನಾವೂ ಹೆದರಿದೆವು. ಜನ್ಮಕ್ಕೊಂದು ಮುಖ, ಅದನ್ನು ರಾಹುಕಾಲದಲ್ಲಿ ಯಾಕೆ ಹುಟ್ಟಿಸಬೇಕು? ಬಿ.ಕಾಂ. ಓದುವ ನಾನು, ಹಸುವಿನ ಜ್ವರಕ್ಕೆ ಸೂಜಿ ತಾನೇ ಚುಚ್ಚುವ ಅಕ್ಕ, ಇಬ್ಬರೂ ಕೈಕಟ್ಟಿ ಗಡಿಯಾರ ನೋಡುತ್ತ ಕೂತೆವು. ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ಕರೆಂಟ್ ಹೋಯಿತು. ಯುಪಿಎಸ್ ಒಂದು ಸಲ ಕೂಗಿ ತಾನೂ ಮಲಗಿತು. ಬೆಳ್ಳಿಕೂದಲಿನ ಸುಂದರಿ ಹುಟ್ಟುವ ಮೊದಲೇ ಹೋದಳು. ನಾನು ಮೂಟೆಯ ಮೇಲೆ ಬೋರಲಾಗಿ ಮಲಗಿ ಅತ್ತೆ. ನಾಚಿಕೆಯೇನಿಲ್ಲ, ನಿಜವಾಗಿ ಅತ್ತೆ.

ಮಾರನೆಯ ದಿನ ಶನಿವಾರ, ನಾನು ಎದ್ದು ಬರುವಷ್ಟರಲ್ಲಿ ಅಕ್ಕ ಕಂಪ್ಯೂಟರ್ ಮುಂದೆ ಕೂತಿದ್ದಳು. ಹಾಲು ಕರೆದ ಕೈ ತೊಳೆದ ಒದ್ದೆ ಇನ್ನೂ ಆರಿರಲಿಲ್ಲ. "ಪಾಪ, ಇವತ್ತು ನಾನ್ ಮಾಡ್ತೀನಿ. ನೀನು ಓದಿ ಏಳು ಅಷ್ಟೇ" ಎಂದಳು. ಅವಳು ನನ್ನನ್ನು ಕರೆಯುತ್ತಿದ್ದುದೇ ಪಾಪ ಎಂದು. ಕುಲ ಕೇಳಿದಾಗ ದೈತ್ಯರ ಮೇಲೆ ಬೆರಳಿಟ್ಟಳು. ನಾನು ನಕ್ಕೆ. ಅಕ್ಕ ನಗಲಿಲ್ಲ.

ಎತ್ತರದ ಪಟ್ಟಿಯನ್ನು ಕೊನೆಯವರೆಗೂ ಎಳೆದಳು. ಭುಜವನ್ನೂ ಹಾಗೆಯೇ. ಬಣ್ಣದ ಸಾಲಿನಲ್ಲಿ ಕೊನೆಕೊನೆಯ ಕಪ್ಪಿನವರೆಗೆ ಹೋಗಿ, ತನ್ನ ಮುಂಗೈಯನ್ನು ಪರದೆಗೆ ಹಿಡಿದು ನೋಡಿ, ಒಂದು ಮನೆ ಹಿಂದೆ ಬಂದಳು. ಮೂಗು ಅಗಲ. ಒಂದು ಜಡೆ, ದಪ್ಪನೆಯದು. ಮೂಗುಬೊಟ್ಟು ಎಲ್ಲೂ ಸಿಗದೆ, ಕೊನೆಗೆ ಕಡಲ್ಗಳ್ಳರ ಒಡವೆಗಳ ನಡುವೆ ಸಿಕ್ಕಾಗ ಇಬ್ಬರೂ ಕೈ ಹಿಡಿದುಕೊಂಡು ಕುಣಿದೆವು. ನಿಲುವಿಗೂ ಒಂದು ಪಟ್ಟಿಯಿತ್ತು, ಒಂದು ಕೊನೆಯಲ್ಲಿ ಗೂನು, ಇನ್ನೊಂದು ಕೊನೆಯಲ್ಲಿ ನೆಟ್ಟಗೆ. ಅಲ್ಲಿ ಮಾತ್ರ ಅಕ್ಕನ ಕೈ ಒಂದು ಕ್ಷಣ ನಿಂತಿತು. ಆಮೇಲೆ ನೆಟ್ಟಗೆ ಎಂಬ ಕಡೆಗೆ ಎಳೆದುಬಿಟ್ಟಳು. ಪರದೆಯ ಮೇಲೆ ಆ ಹೆಣ್ಣು ಎದೆ ಎತ್ತಿ ನಿಂತಳು.

ಆಗ ನಾನು ಆಡಿದ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. "ಇಂಥವಳನ್ನ ಯಾರು ನೋಡ್ತಾರಕ್ಕ?" ಎಂದೆ. ಬಾಯಿ ಜಾರಿದ್ದು ಗೊತ್ತಾಗುವಷ್ಟರಲ್ಲಿ ಮಾತು ಹೊರಗಿತ್ತು.

ಅಕ್ಕ ನನ್ನ ಕಡೆ ತಿರುಗಲಿಲ್ಲ. "ನಾನ್ ನೋಡ್ತೀನಿ" ಎಂದಳು. ಹುಬ್ಬು ದಪ್ಪ ಮಾಡುವುದನ್ನು ಮುಂದುವರಿಸಿದಳು. ಹೆಸರಿನ ಜಾಗ ಬಂದಾಗ ನಾಗವೇಣಿ ಎಂದು ಬರೆಸಿದಳು. ಯಂತ್ರ ಒಂದೇ ಏಟಿಗೆ ಒಪ್ಪಿಕೊಂಡಿತು.

ಬೂಸಾ ಅಳೆದುಕೊಳ್ಳಲು ದೊಡ್ಡಮ್ಮ ಮೊರ ಹಿಡಿದು ಬಂದದ್ದು ಆಗಲೇ. ಪರದೆಯ ಮೇಲೆ ದೈತ್ಯೆ ತನ್ನಷ್ಟಕ್ಕೆ ನಿಧಾನವಾಗಿ ತಿರುಗುತ್ತಿದ್ದಳು. ಮುಂದೆ, ಪಕ್ಕ, ಹಿಂದೆ, ಮತ್ತೆ ಮುಂದೆ. ದೊಡ್ಡಮ್ಮ ಬೂಸಾ ಮರೆತು ನಿಂತರು.

"ಯಾರೇ ಇದು?"

"ನಾನೇ ಅಮ್ಮ."

ದೊಡ್ಡಮ್ಮ ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿದರು. ಅವಳು ಇನ್ನೊಂದು ಸುತ್ತು ಪೂರ್ತಿ ತಿರುಗುವವರೆಗೂ ನೋಡಿದರು. ಬೈಗುಳಕ್ಕೆ ನಾನು ಸಿದ್ಧಳಾಗಿದ್ದೆ. ದೊಡ್ಡಮ್ಮ ಹೇಳಿದ್ದು ಇಷ್ಟೇ: "ಏನ್ ನಿಲುವೇ ಇದು. ಒಂದು ದೃಷ್ಟಿಬೊಟ್ಟು ಇಕ್ಕೇ. ಕಣ್ ಬಿದ್ದಾತು."

ದೃಷ್ಟಿಬೊಟ್ಟು ಚಂದದ ಮಕ್ಕಳಿಗೆ ಇಡುವುದು. ನನ್ನ ಚಿಕ್ಕಂದಿನ ಫೋಟೋಗಳಲ್ಲೆಲ್ಲ ನನ್ನ ಕೆನ್ನೆಯ ಮೇಲೆ ಕಾಸಿನಗಲ ಕಾಡಿಗೆ ಇದೆ. ಅಕ್ಕನಿಗೆ ಅಂಥ ಫೋಟೋ ಒಂದೂ ಇಲ್ಲ. ಅದು ನನಗೆ ಆ ಗಳಿಗೆಯಲ್ಲೇ ಹೊಳೆದದ್ದು. ಅಕ್ಕ ಮೌಸಿನಿಂದ ಕೈ ತೆಗೆದಳು.

"ನಂಗೆ ಯಾವತ್ತೂ ಇಕ್ಕಿಲ್ವಲ್ಲ ಅಮ್ಮ ನೀನು."

"ಇಕ್ಕಿಲ್ದೇ ಏನು? ದಿನಾ ಇಕ್ತಿದ್ದೆ. ಕೆನ್ನೆಗಿಕ್ಕಿದ್ರೆ ನಿನ್ ಬಣ್ಣಕ್ಕೆ ಕಾಣ್ತಾ ಇರ್ಲಿಲ್ಲ. ಅದಕ್ಕೆ ಅಂಗಾಲಿಗೆ ಇಕ್ತಿದ್ದೆ. ನೀನು ಅಂಗಾಲು ನೋಡ್ಕೊಂಡಿದ್ದೇ ಯಾವಾಗ?"

ನಿಜವೋ, ಆ ಕ್ಷಣಕ್ಕೆ ಹುಟ್ಟಿದ ಮಾತೋ, ನನಗೆ ಗೊತ್ತಿಲ್ಲ. ಅಕ್ಕನೂ ಬಿಡಿಸಿ ಕೇಳಲಿಲ್ಲ. ಕೂತಲ್ಲೇ ಕಾಲು ಎತ್ತಿ, ಇಪ್ಪತ್ತಾರು ವರ್ಷದ ತನ್ನ ಅಂಗಾಲನ್ನು ನೋಡಿಕೊಂಡಳು. ಅಲ್ಲಿ ಬಿರುಕು ಮತ್ತು ಸಗಣಿ ಬಿಟ್ಟರೆ ಬೇರೇನೂ ಇರಲಿಲ್ಲ. ಆದರೂ ಬಹಳ ಹೊತ್ತು ನೋಡಿದಳು. ಆಮೇಲೆ ಮೂಗು ಒರೆಸಿಕೊಂಡು, "ಎಲ್ಲೈತೆ ಬೊಟ್ಟು, ಉಡುಕೇ" ಎಂದು ನನ್ನ ಮೊಣಕೈಗೆ ತಿವಿದಳು.

ಹುಡುಕಿದೆವು ನೋಡಿ. ಗಾಯದ ಗುರುತು, ಯುದ್ಧದ ಬಣ್ಣ, ಹಚ್ಚೆ, ಎಲ್ಲ ಜಾಲಾಡಿದೆವು. ಅಂಗಾಲಿಗೆ ಇಡುವ ಏರ್ಪಾಡು ಆ ಆಟ ಮಾಡಿದವರ ತಲೆಗೆ ಬಂದಿರಲಿಲ್ಲ. ಕೆನ್ನೆಗೆ ಮಚ್ಚೆಯೊಂದು ಸಿಕ್ಕಿತು. ಇಟ್ಟರೆ ಆ ಕಪ್ಪಿನ ಮೇಲೆ ಅದು ಕಾಣುತ್ತಲೇ ಇಲ್ಲ. ಬಿಳಿಯದು ಇಡಲೇ ಎಂದು ಕೇಳಿದೆ. ದೊಡ್ಡಮ್ಮ ಒಪ್ಪಲಿಲ್ಲ. "ಕಾಣ್ದೇ ಇದ್ರೂ ಇರ್ಲಿ. ಕೆಟ್ಟ ಕಣ್ಣಿಗೆ ಗೊತ್ತಾಯ್ತದೆ." ಅಷ್ಟು ಹೇಳಿದವರು ಬಲ್ಬಿನ ಕಡೆ ನೋಡಿ, "ಒತ್ತೇ ಬೇಗ, ಕರೆಂಟ್ ಓಗ್ತದೆ" ಎಂದು ಅವಸರ ಮಾಡಿದರು. ಶನಿವಾರದ ರಾಹುಕಾಲ ಒಂಬತ್ತರಿಂದ ಹತ್ತೂವರೆ. ಗಡಿಯಾರ ಹತ್ತು ಗಂಟೆ ಹತ್ತು ನಿಮಿಷ ತೋರಿಸುತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಅಕ್ಕ ಒತ್ತಿದಳು.

ನಾಗವೇಣಿ ಆ ಲೋಕದ ಸಂತೆಬೀದಿಯಲ್ಲಿ ಕಾಲಿಟ್ಟಾಗ ಏನಾಯಿತೆಂದರೆ, ಬೆಳ್ಳಿಕೂದಲಿನ, ಹಸಿರು ಕಣ್ಣಿನ ಸುಂದರಿಯರು ಅಲ್ಲಿ ಸೊಪ್ಪಿನ ಕಟ್ಟುಗಳ ಹಾಗೆ ಒಬ್ಬರಿಗೊಬ್ಬರು ವ್ಯತ್ಯಾಸವಿಲ್ಲದೆ ತುಂಬಿದ್ದರು. ಅವರ ನಡುವೆ ಇವಳು ಒಬ್ಬಳೇ. ಯಾರೋ ಅಪರಿಚಿತರು ಓಡಿ ಬಂದು ಸುತ್ತಲೂ ತಿರುಗಿ ನೋಡಿ, ಈ ಮುಖ ಹೇಗೆ ಮಾಡಿದಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಓದಿ ಹೇಳಿದೆ. ಅಕ್ಕ ಅಮ್ಮನ ಕಡೆ ನೋಡಿದಳು. ದೊಡ್ಡಮ್ಮ ಮೊರದಲ್ಲಿ ಬೂಸಾ ತುಂಬುತ್ತ, "ಏಳು, ನಾವೇ ಮಾಡಿದ್ದು ಅಂತ ಏಳು" ಎಂದರು. ಅವತ್ತು ಕೊಟ್ಟಿಗೆಗೆ ಹೋಗಲು ಎದ್ದ ಅಕ್ಕ ಬೂಸಾ ಕೋಣೆಯ ಬಾಗಿಲಿಗೆ ತಲೆ ಹೊಡೆದುಕೊಂಡಳು. ಆ ಮನೆಯ ಯಾವ ಬಾಗಿಲಲ್ಲೂ ಬಗ್ಗುವುದನ್ನು ಅವಳು ಅಲ್ಲಿಯವರೆಗೆ ಮರೆತಿರಲಿಲ್ಲ.

ಈಗ ಅಕ್ಕ ಅದೇ ಊರಿನಲ್ಲಿ ತನ್ನದೇ ಹನ್ನೊಂದು ಹಸುಗಳ ಯಜಮಾನಿ. ಗಂಡ ಅವಳ ಭುಜಕ್ಕೆ ಬರುತ್ತಾನೆ, ಅದರ ಬಗ್ಗೆ ಇಬ್ಬರಿಗೂ ಚಿಂತೆಯಿಲ್ಲ. ಆ ಹಳೆಯ ಆಟ ಈಗ ಮೊಬೈಲಿಗೂ ಬಂದಿದೆ. ಗಾಡಿಯಲ್ಲಿ ಕಂಡ ಮೂಗು ತಲೆಯಿಂದ ಇಳಿಯದೆ ಇವತ್ತು ಭಾನುವಾರ ಬೆಳಿಗ್ಗೆಯೇ ಹೊಸ ಖಾತೆ ತೆರೆದು ಅದನ್ನು ಹಾಕಿಕೊಂಡು ಕೂತಿದ್ದೇನೆ. ಒಲೆಯ ಮೇಲೆ ಸಾರು ಎರಡು ಸಲ ಉಕ್ಕಿತು. ಸುಳ್ಳು ಯಾಕೆ, ಮೊದಲು ಬೆರಳು ಹೋದದ್ದು ಬೆಳ್ಳಿಕೂದಲಿನ ಕಡೆಗೇ. ಒಂದು ಗಂಟೆ ತಿದ್ದಿ ತೀಡಿ, ಸೊಂಟ ಸಣ್ಣ ಮಾಡಿ, ಚಿತ್ರ ತೆಗೆದು ಅಕ್ಕನಿಗೆ ಕಳಿಸಿದೆ. ತಕ್ಷಣ ಫೋನು ಬಂತು. ಹಿಂದೆ ಹಸುವೊಂದು ಕೂಗುತ್ತಿತ್ತು.

"ಯಾರ್ ಪಾಪ ಇದು?"

"ನಾನೇ ಅಕ್ಕ. ಆಟದೊಳಗೆ ಬರ್ತಿದೀನಿ. ನೀನೂ ಬಾ."

"ನಾನು ಅಲ್ಲೇ ಇದೀನಿ, ಬೆಳಗ್ಗಿಂದ. ಅಳ್ಸಾಕು ಅದನ್ನ."

ಅಳಿಸಿದೆ. ಈಗ ಪರದೆಯ ಮೇಲೆ ಇರುವವಳು ನನ್ನಂತೆಯೇ ಕುಳ್ಳಿ. ದುಂಡು ಹೊಟ್ಟೆ, ಸಂದಿ ಹಲ್ಲು, ಕಣ್ಣ ಕೆಳಗೆ ಗುಮಾಸ್ತಿಕೆಯ ಕಪ್ಪು. ಖುಷಿಯಾಗುತ್ತಿದೆ. ಹೊಟ್ಟೆಯನ್ನು ಒಂದು ಮನೆ ಕಮ್ಮಿ ಮಾಡಲೇ ಎಂದು ಕೇಳಿದ್ದಕ್ಕೆ ಅಕ್ಕ ಆ ಕಡೆಯಿಂದ ಬೈದಳು.

"ಇರೋವಂಗೇ ಬಾರೇ. ಅಷ್ಟು ಜನದಾಗೆ ನಿನ್ನ ನಾನು ಎಂಗೆ ಗುರ್ತು ಇಡೀಲಿ?"