ಪಿರಮಿಡ್ಡಿಗೆ ‘ಬರ್ತೀನಿ’ ಅನ್ನದ ಶಾಂತಕ್ಕ

ಗೆಳೆಯರೇ, ಇವತ್ತು ಈಜಿಪ್ಟಿನಲ್ಲಿ, ಪಿರಮಿಡ್ಡಿನ ಮುಂದೆ, ನಮ್ಮ ಕಲಬುರಗಿ ತಂಡದೊಳಗೇ ಜಗಳವಾಯಿತು. ಅಲ್ಲಿನ ಗೈಡ್ ಬೆಳಿಗ್ಗೆ ನಮ್ಮಿಂದಲೇ ‘ಹೋಗಿ ಬರ್ತೀನಿ’ ಎಂಬ ಮಾತು ಕಲಿತಿದ್ದ. ಹೊರಡುವಾಗ ಎಲ್ಲರೂ ಅದನ್ನೇ ಕೂಗಿ, ವಿಡಿಯೋ ಮಾಡುತ್ತೇನೆ ಎಂದ. ಕೂಗಿದೆವು. ಕಮಲಾಪುರದ ಶಾಂತಕ್ಕ ಮಾತ್ರ ಬಾಯಿಗೆ ಸೆರಗು ಹಿಡಿದು ನಿಂತರು.

“ಗೋರಿ ಅದರೀ ಇದು. ಸಾವಿನ ಮನಿಯಿಂದ ಹೊಂಡುವಾಗ ಬರ್ತೀನಿ ಅನಬಾರದು.”

ನಮ್ಮೂರ ಸೂಪರ್ ಮಾರ್ಕೆಟ್ ಬಜಾರಿನ ಬಟ್ಟೆ ವ್ಯಾಪಾರಿ ಬಸಣ್ಣ ರೇಗಿದರು. “ರಾಜಾ ಸತ್ತು ಸಾವಿರಾರು ವರ್ಷ ಆಗ್ಯಾವ. ಇನ್ನೆಲ್ಲಿ ಸೂತಕರೀ ಅಕ್ಕಾರ? ಎಲ್ಲಾರ ವಿಡಿಯೋ ಹಾಳ್ ಮಾಡಬ್ಯಾಡ್ರಿ.”

“ನೀವ್ ಅನ್ರಿ. ನಾ ಒಲ್ಲೆ.”

ಬಸ್ಸಿನಲ್ಲಿ ನನ್ನ ಪಕ್ಕ ಕೂತ ಮೇಲೆ ಶಾಂತಕ್ಕ ಮೆಲ್ಲಗೆ ಹೇಳಿದರು: “ಹ್ವಾದ ವರ್ಷ ನಮ್ಮ ಮನಿಯವರು ದವಾಖಾನಿಗಿ ಹೊಂಟಾಗ ಬರ್ತೀನಿ ಅಂದೇ ಹೋಗಿದ್ರು. ನಾ ರೊಟ್ಟಿ ಬಡದು ಕಾಯ್ಕೋತ ಕುಂತಿದ್ದೆ.”

ಮುಂದಿನ ಸೀಟಿನ ಬಸಣ್ಣನವರಿಗೂ ಅದು ಕೇಳಿಸಿತು; ಹೋಟೆಲ್ ಮುಟ್ಟುವಷ್ಟರಲ್ಲಿ ಬಸ್ಸಿಗೆಲ್ಲ ಗೊತ್ತಾಗಿತ್ತು.

ಹೋಟೆಲ್ಲಿನ ಮುಂದೆ ಗೈಡ್ ನಗುತ್ತಾ “ಹೋಗಿ ಬರ್ತೀನಿ” ಎಂದ. ತಿರುಗಿ ಅದನ್ನೇ ಅನ್ನಲು ನಮಗ್ಯಾರಿಗೂ ಬಾಯಿ ಏಳಲಿಲ್ಲ. ಸುಮ್ಮನೆ ಕೈಬೀಸಿದೆವು. ಬೇರೆ ಮಾತು ಹುಡುಕಿ ನೋಡಿದೆ, ಸಿಗಲಿಲ್ಲ.

ನಮ್ಮ ಭಾಷೆಯಲ್ಲಿ, ಹೋಗುವವರು ಸುಳ್ಳು ಹೇಳಿಯೇ ಹೋಗಬೇಕು.